ಗ್ಯಾದರಿಂಗಿನ ಮೈಕಿನಲ್ಲಿ ಜಪಾನಿ ರಾಕ್

ಕಾಲೇಜಿನ ಗ್ಯಾದರಿಂಗು, ಓಣಿಯಲ್ಲಿ ಕೂಡಿಸಿದ ಗಣಪತಿ, ಮಗುವಿನ ಹುಟ್ಟುಹಬ್ಬ, ಮದುವೆಯ ಹಿಂದಿನ ರಾತ್ರಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ಹಾಡುವ ಆಸೆಯಿದ್ದವರಿಗೆ ಮೈಕು ಸಿಗುವ ಸಂದರ್ಭಗಳಿಗೆ ಕೊರತೆಯಿಲ್ಲ. ಹಿಂದೆ ಆ ಮೈಕಿನ ಬೆನ್ನಿಗೆ ಒಂದು ಆರ್ಕೆಸ್ಟ್ರಾ ಇರಬೇಕಿತ್ತು. ಕೀಬೋರ್ಡಿನವನಿಗೆ ಬರುವ ಹಾಡನ್ನಷ್ಟೇ ಹಾಡಬೇಕಿತ್ತು. ಈಗ ಮೊಬೈಲಿನಲ್ಲೊಂದು ಕರೋಕೆ ಟ್ರ್ಯಾಕು, ಗಾಲಿಯ ಮೇಲೆ ಎಳೆದುಕೊಂಡು ಹೋಗುವ ಬ್ಲೂಟೂತ್ ಸ್ಪೀಕರು ಇದ್ದರೆ ಸಾಕು. ಆಯ್ಕೆಗೆ ಇದ್ದ ಕಟ್ಟು ಹೀಗೆ ಕಳಚಿದ ಮೇಲೆ ಒಂದು ಹೊಸ ಪ್ರಶ್ನೆ ಎದ್ದಿದೆ. ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳನ್ನು, ನೋಡುತ್ತ ಬೆಳೆದ ಹುಡುಗ ಹುಡುಗಿಯರಿಗೆ ‘ನರುಟೊ’ದಂಥ ಸರಣಿಗಳ ಆರಂಭಗೀತೆಗಳು ಬಾಯಿಪಾಠವಾಗಿರುತ್ತವೆ. ಅವುಗಳಲ್ಲಿ ಬಹಳಷ್ಟು ಜಪಾನಿ ರಾಕ್ ತಂಡಗಳ ಹಾಡುಗಳು. ಊರಿನವರೆಲ್ಲ ಕೂತ ಸಭೆಯಲ್ಲಿ, ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಜನರ ಎದುರು, ಯಾರಿಗೂ ಅರ್ಥವಾಗದ ಆ ಹಾಡನ್ನು ಆಯ್ದುಕೊಳ್ಳುವುದು ಸರಿಯೆ?

ಇದು ಚಿಕ್ಕ ಪ್ರಶ್ನೆಯೆಂದು ಬದಿಗಿಡುವವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ಊರು ತನ್ನ ಮೈಕನ್ನು ಯಾವ ಹಾಡಿಗೆ ಕೊಡುತ್ತದೆ ಎನ್ನುವುದರಲ್ಲಿ ಆ ಊರಿನ ಕಿವಿ ಹೇಗೆ ತಯಾರಾಗುತ್ತದೆ ಎಂಬುದೂ ಸೇರಿರುತ್ತದೆ. ಹಾಡಲಿ ಎನ್ನುವವರಿಗೂ ಬೇಡ ಎನ್ನುವವರಿಗೂ ತಮ್ಮ ತಮ್ಮ ಕಾರಣಗಳಿವೆ. ಎರಡೂ ಕಡೆಯವರು ಹಾಡನ್ನು ಪ್ರೀತಿಸುವವರೇ ಆದ್ದರಿಂದ ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಬೇಕು.

ಹಾಡಲಿ ಎನ್ನುವವರ ಮೊದಲ ವಾದ ನಮ್ಮ ಸೀಮೆಯ ಚರಿತ್ರೆಯಿಂದಲೇ ಬರುತ್ತದೆ. ಇಲ್ಲಿನ ಜನ ಒಂದೇ ಭಾಷೆಯಲ್ಲಿ ಹಾಡಿದವರಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಆಡಳಿತದ ನಾಡು. ಕಚೇರಿ ಮತ್ತು ಶಾಲೆಯ ಭಾಷೆ ಉರ್ದು. 1956ರಲ್ಲಿ ಕನ್ನಡ ನಾಡಿನೊಂದಿಗೆ ಒಂದಾದ ಮೇಲೂ ಕಿವಿಯ ಅಭ್ಯಾಸ ಬದಲಾಗಲಿಲ್ಲ. ಮುಂಬೈ–ಚೆನ್ನೈ ಹಾದಿಯಿಂದ ಸಿಕಂದರಾಬಾದಿನ ಹಾದಿ ಕವಲೊಡೆಯುವುದು ವಾಡಿ ಜಂಕ್ಷನ್ನಿನಲ್ಲಿ. ಅಲ್ಲಿನ ಎಸಿಸಿ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ, ಶಹಾಬಾದಿನ ಕಲ್ಲಿನ ಗಣಿಗಳಲ್ಲಿ, ಸೇಡಂ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯಲು ಬಂದವರು ತಮ್ಮ ತಮ್ಮ ಹಾಡುಗಳನ್ನೂ ತಂದರು. 1952ರಲ್ಲಿ ರೇಡಿಯೊ ಸಿಲೋನ್ ಬಿನಾಕಾ ಗೀತಮಾಲಾ ಶುರುಮಾಡಿದ ಮೇಲೆ ಮೊಹಮ್ಮದ್ ರಫಿ, ಮುಕೇಶ್, ಲತಾ ಅವರ ದನಿ ಹೈದರಾಬಾದ್ ಸೀಮೆಯ ಮನೆಮನೆಯ ದನಿಯಾಯಿತು. ಇಂದಿಗೂ ಕಲಬುರಗಿಯ ಕಡೆ ಕರೋಕೆ ಹಾಡುವ ಹಿರಿಯರಲ್ಲಿ ಬಹಳಷ್ಟು ಜನ ಮೊದಲು ಎತ್ತಿಕೊಳ್ಳುವುದು ರಫಿಯವರ ಹಾಡನ್ನೇ. ಅಜ್ಜನಿಗೆ ರಫಿ ಸಲ್ಲುವುದಾದರೆ ಮೊಮ್ಮಗನಿಗೆ ಜಪಾನಿನ ಏಷಿಯನ್ ಕುಂಗ್-ಫು ಜನರೇಶನ್ ತಂಡ ಯಾಕೆ ಸಲ್ಲಬಾರದು ಎಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಬೇಡ ಎನ್ನುವವರು ಇಲ್ಲೊಂದು ವ್ಯತ್ಯಾಸವನ್ನು ಎತ್ತಿ ತೋರಿಸುತ್ತಾರೆ, ಅದು ತೂಕದ ಮಾತು. ಉರ್ದು ಈ ಊರುಗಳ ಸಂತೆಯ ಭಾಷೆ. ತೆಲುಗು ಚಿಂಚೋಳಿ ಮತ್ತು ಸೇಡಂನ ಗಡಿಗೆ ಹತ್ತಿಕೊಂಡ ತಾಂಡೂರಿನಿಂದ ದಿನಬೆಳಗಾದರೆ ಬಸ್ಸು ಹತ್ತಿ ಬರುತ್ತದೆ. ಮೊಹರಮ್ಮಿನ ರಿವಾಯತ್ ಪದಗಳಲ್ಲಿ ಕನ್ನಡದ ಜೊತೆ ಉರ್ದು ಬೆರೆತರೆ ಕೇಳುವವನಿಗೆ ತಡವರಿಸುವ ಪ್ರಸಂಗವೇ ಬರುವುದಿಲ್ಲ. ರಫಿಯ ಹಾಡಿನ ಒಂದು ಶೇರು ಮುಗಿದಾಗ ‘ವಾಹ್’ ಎನ್ನುವವನಿಗೆ ಅರ್ಥ ತಟ್ಟಿಯೇ ಹಾಗೆ ಅನಿಸಿರುತ್ತದೆ. ಜಪಾನಿ ಹಾಡಿಗೆ ಈ ನೆಲೆಯಿಲ್ಲ. “ಏನ್ ಹಾಡ್ಲಾಕತ್ತ್ಯೋ ತಮ್ಮಾ, ಒಂದೂ ತಿಳಿವಲ್ದು” ಎಂದು ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿ ಕೂತು ಹೇಳಿದರೆ ಅದನ್ನು ಸಂಕುಚಿತ ಬುದ್ಧಿ ಎನ್ನುವುದು ಅನ್ಯಾಯ. ಹಾಡು ತನ್ನನ್ನು ಹೊರಗಿಟ್ಟಿತು ಎಂಬ ಅವರ ಭಾವನೆ ನಿಜವಾದದ್ದು.

ಇದಕ್ಕೆ ಉತ್ತರವಾಗಿ ಹಾಡಲಿ ಎನ್ನುವವರು ಕನ್ನಡ ಸಿನಿಮಾ ಸಂಗೀತವನ್ನೇ ಸಾಕ್ಷಿಗೆ ಕರೆಯುತ್ತಾರೆ. ಕನ್ನಡಿಗರ ಕಿವಿಯನ್ನು ತಿದ್ದಿ ಬೆಳೆಸಿದ ದನಿಗಳಲ್ಲಿ ಎಷ್ಟು ಜನರ ಮನೆಮಾತು ಕನ್ನಡವಾಗಿತ್ತು? ರಾಜಕುಮಾರ್ ಅವರ ದನಿಯೇ ಆಗಿಹೋಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ತೆಲುಗು ಮನೆಯವರು. ಪಂಜಾಬದ ರಫಿಯವರೇ 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು. ಆ ಹಾಡನ್ನು ಇಂದಿಗೂ ಆದರದಿಂದ ನೆನೆಯುವವರಿದ್ದಾರೆ. ಮಾತು ಬಾರದವನೂ ಭಾವವನ್ನು ಮುಟ್ಟಿಸಬಲ್ಲ ಎಂಬುದು ಇದರಿಂದ ಸಾಬೀತಾಗುವುದಿಲ್ಲವೆ?

ಅರ್ಧ ಸಾಬೀತಾಗುತ್ತದೆ ಎಂದು ನನಗೆ ತೋರುತ್ತದೆ. ರಫಿಯವರು ಹಾಡುವಾಗ ಒಂದೊಂದು ಅಕ್ಷರದ ಉಚ್ಚಾರವನ್ನೂ ಹೇಳಿಕೊಡಲು ಕನ್ನಡ ಬಲ್ಲವರು ಇದ್ದರು, ಮತ್ತು ಕೇಳುಗರು ಕನ್ನಡಿಗರಾಗಿದ್ದರು. ತಪ್ಪಿದರೆ ತಪ್ಪೆನ್ನುವವರಿದ್ದರು, ಒಪ್ಪಿದರೆ ಅರ್ಥ ತಿಳಿದು ಒಪ್ಪುವವರಿದ್ದರು. ಚಿತ್ತಾಪುರದ ಗ್ಯಾದರಿಂಗಿನಲ್ಲಿ ಜಪಾನಿ ಹಾಡು ಹಾಡುವ ಹುಡುಗನಿಗೆ ಹೇಳಿಕೊಡುವವರೂ ಇಲ್ಲ, ತಿದ್ದುವ ಕಿವಿಯೂ ಇಲ್ಲ. ಹಾಡುವವನಿಗೂ ಕೇಳುವವನಿಗೂ ಅರ್ಥ ತಿಳಿಯದೆ ಹೋದಾಗ ಉಳಿಯುವುದು ನಾದ ಮತ್ತು ಹುಮ್ಮಸ್ಸು ಮಾತ್ರ. ಅವೂ ಸಣ್ಣ ವಸ್ತುಗಳಲ್ಲ, ಒಪ್ಪೋಣ. ಆದರೆ ಬೇಡ ಎನ್ನುವವರ ಅತ್ಯಂತ ಗಟ್ಟಿಯಾದ ಆಕ್ಷೇಪ ಇದೇ, ಮತ್ತು ಇದನ್ನು ಪೂರ್ತಿ ನಿವಾರಿಸುವ ಉತ್ತರ ಇನ್ನೊಂದು ಕಡೆಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಈ ಆಕ್ಷೇಪದ ಬಿಸಿಯನ್ನು ತುಸು ತಗ್ಗಿಸುವ ಒಂದು ಸಂಗತಿ ಮಾತ್ರ ಇದೆ, ಅದರ ಕಡೆ ಎರಡೂ ಪಕ್ಷದವರು ಸಾಕಷ್ಟು ಗಮನ ಕೊಟ್ಟಂತಿಲ್ಲ. ಜಪಾನಿ ಭಾಷೆಯ ಉಚ್ಚಾರ ಕನ್ನಡಿಗನಿಗೆ ಒಲಿಯುವಷ್ಟು ಸಲೀಸಾಗಿ ಇಂಗ್ಲಿಷಿನವನಿಗೆ ಒಲಿಯುವುದಿಲ್ಲ. ಅಲ್ಲಿರುವುದು ಅ, ಇ, ಉ, ಎ, ಒ ಎಂಬ ಐದು ಸ್ವರ. ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ. ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ ಎಂಬುದು ಕನ್ನಡದ ಮಗುವಿಗೂ ಗೊತ್ತು. ಜಪಾನಿ ಹಾಡಿನ ಲಯ ನಿಂತಿರುವುದು ಇಂಥ ಮಾತ್ರೆಗಳ ಲೆಕ್ಕದ ಮೇಲೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ತಡೆಗೆ ಒಂದು, ಸೊನ್ನೆಯಂಥ ಅನುನಾಸಿಕಕ್ಕೂ ಒಂದು ಪೂರ್ತಿ ಮಾತ್ರೆ. ಷಟ್ಪದಿ ಓದಿ ಲಘು–ಗುರು ಹಾಕಿ ಬಂದವರಿಗೆ ಈ ಎಣಿಕೆ ಹೊಸದಲ್ಲ. ‘ಉತ್ಸವ’ದ ತ್ಸ ಅಲ್ಲಿಯೂ ಉಂಟು. ಕನ್ನಡದಲ್ಲಿ ಮೂಲತಃ ಇಲ್ಲದ ಜ಼ ಸದ್ದು ಉರ್ದುವಿನ ಒಡನಾಟದಿಂದ ನಮ್ಮ ಸೀಮೆಯ ನಾಲಿಗೆಗೆ ಹಳೆಯ ಪರಿಚಯ.

ಹೀಗಿದ್ದೂ ನಮ್ಮ ಹುಡುಗರು ಟ್ರ್ಯಾಕಿನ ಕೆಳಗೆ ಓಡುವ ರೋಮನ್ ಅಕ್ಷರ ನೋಡಿಕೊಂಡು ಹಾಡುತ್ತಾರೆ. ಆ ಬರಹದಲ್ಲಿ ದೀರ್ಘದ ಗುರುತು ಎಷ್ಟೋ ಸಲ ಬಿಟ್ಟೇ ಹೋಗಿರುತ್ತದೆ, ಹಾಡುಗಾರ ದೀರ್ಘವನ್ನು ಹ್ರಸ್ವ ಮಾಡಿ ತಾಳಕ್ಕಿಂತ ಮುಂದೆ ಓಡಿ ನಿಂತುಬಿಡುತ್ತಾನೆ. ಅದೇ ಸಾಹಿತ್ಯವನ್ನು ಒಮ್ಮೆ ಕಿವಿಗೊಟ್ಟು ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ತೊಡಕಿನ ಬಹುಪಾಲು ಬಗೆಹರಿಯುತ್ತದೆ. ಪೂರ್ತಿ ಬಗೆಹರಿಯದು. ಕೆಲವು ಪದಗಳ ಕೊನೆಯ ಉಕಾರ ಜಪಾನಿಯರ ಬಾಯಲ್ಲಿ ಕೇಳಿಸೀತೋ ಇಲ್ಲವೋ ಎಂಬಷ್ಟು ತೆಳುವಾಗುತ್ತದೆ, ಬರೆದದ್ದನ್ನು ಬರೆದಂತೆಯೇ ಓದಿದರೆ ಅಲ್ಲಿ ತಪ್ಪಾಗುತ್ತದೆ.

ಉಚ್ಚಾರ ಒಲಿದರೂ ದನಿ ಒಲಿಯಬೇಕಲ್ಲ ಎನ್ನುತ್ತಾರೆ ಬೇಡ ಎನ್ನುವವರು. ಇದು ಅಭಿರುಚಿಗಿಂತ ಅನುಭವದಿಂದ ಬಂದ ತಕರಾರು. ಜಪಾನಿ ರಾಕ್ ತಂಡಗಳ ಗಾಯಕರಲ್ಲಿ ಹಲವರು ಗಂಡುದನಿಯ ಮಾಮೂಲು ಎಲ್ಲೆಗಿಂತ ಮೇಲೆ ಹಾಡುತ್ತಾರೆ. ಎಕ್ಸ್ ಜಪಾನ್ ತಂಡದ ತೊಶಿ 1989ರ ‘ಕುರೆನಾಯ್’ನಲ್ಲಿ ಮುಟ್ಟುವ ಎತ್ತರವನ್ನು ಬಿಳಿ ಒಂದರಲ್ಲೋ ಬಿಳಿ ಎರಡರಲ್ಲೋ ಭಜನೆ ಹಾಡಿ ರೂಢಿಯಾದ ಗಂಟಲು ಮುಟ್ಟಲಾರದು, ಮುಟ್ಟಲು ಹೋದರೆ ಒಡೆಯುತ್ತದೆ. ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ ಮೊದಲೇ ಬಂದು ಹಾಡುಗಾರನಿಗೆ ಒಂದು ನೆಲೆ ಕೊಡುತ್ತದೆ. ಜಪಾನಿ ಹಾಡುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ ಹಂತಹಂತವಾಗಿ ಏರಿದ ಮೇಲೆ, ಜಪಾನಿಯರು ‘ಸಬಿ’ ಎಂದು ಕರೆಯುವ ಮುಖ್ಯ ಭಾಗ ಬರುತ್ತದೆ. ಹಾಡಿನ ತುತ್ತತುದಿಯೂ ಅದೇ. ಕೆಲವು ಹಾಡುಗಳಲ್ಲಿ ಕೊನೆಯ ಸಲ ಅದನ್ನು ಇನ್ನೂ ಒಂದು ಮನೆ ಮೇಲಕ್ಕೆತ್ತುತ್ತಾರೆ. ದಣಿದ ಗಂಟಲಿಗೆ ಅತಿ ಕಠಿಣ ಸ್ವರ ಕಾದಿರುವುದು ಕಟ್ಟಕಡೆಯಲ್ಲಿ.

ಇದರ ಜೊತೆಗೆ ಇನ್ನೊಂದು ಅಡಚಣೆ. ಅನಿಮೆಯ ಆರಂಭಗೀತೆ ಪರದೆಯ ಮೇಲೆ ಸುಮಾರು 90 ಸೆಕೆಂಡು ಇರುತ್ತದೆ. ಪೂರ್ತಿ ಹಾಡು ನಾಲ್ಕು ನಿಮಿಷದ್ದು. ನೂರಾರು ಸಲ ಕೇಳಿ ಹಾಡು ಬರುತ್ತದೆ ಎಂದುಕೊಂಡವನಿಗೆ ಬರುವುದು ಮೊದಲ ಒಂದೂವರೆ ನಿಮಿಷ. ಎರಡನೆಯ ಚರಣ ಶುರುವಾದೊಡನೆ ಕಣ್ಣು ಮೊಬೈಲಿಗೆ ಅಂಟಿಕೊಳ್ಳುತ್ತದೆ, ದನಿ ಇಳಿಯುತ್ತದೆ, ಟ್ರ್ಯಾಕು ಮಾತ್ರ ಗಿಟಾರು ಬಾರಿಸುತ್ತ ಮುಂದೆ ಹೋಗುತ್ತದೆ. ಹಾಡುಗಾರನಿಗೂ ಸಭೆಗೂ ಆ ಎರಡೂವರೆ ನಿಮಿಷ ಬಹಳ ಉದ್ದ. ಬ್ಲೂಟೂತಿನಲ್ಲಿ ದನಿ ತುಸು ತಡವಾಗಿ ಬರುವುದರಿಂದ, ಮೊಬೈಲಿನ ಪರದೆಯ ಮೇಲೆ ಅಕ್ಷರ ಬಣ್ಣ ಬದಲಿಸುವ ಹೊತ್ತಿಗೂ ಸ್ಪೀಕರಿನಲ್ಲಿ ತಾಳ ಬೀಳುವ ಹೊತ್ತಿಗೂ ಹೊಂದಾಣಿಕೆ ತಪ್ಪುವುದುಂಟು. ನಿಧಾನಗತಿಯ ಭಾವಗೀತೆಯಲ್ಲಿ ಇದು ಮುಚ್ಚಿಹೋಗುತ್ತದೆ, ವೇಗದ ರಾಕ್ ಹಾಡಿನಲ್ಲಿ ಬಯಲಾಗುತ್ತದೆ. ವೈರು ಹಾಕಿ ಜೋಡಿಸಿದರೆ ಈ ತೊಂದರೆಯಿಲ್ಲ.

ದನಿ ಒಲಿಯದೆಂಬ ತಕರಾರಿಗೆ ಹಾಡಲಿ ಎನ್ನುವವರು ಕರೋಕೆಯ ಹುಟ್ಟನ್ನೇ ಉತ್ತರವಾಗಿ ಕೊಡುತ್ತಾರೆ. 1967ರಲ್ಲೇ ಶಿಗೆಇಚಿ ನೆಗಿಶಿ ಎಂಬುವರು ಇಂಥದೊಂದು ಯಂತ್ರ ಮಾಡಿದ್ದರಾದರೂ, ಲೋಕಕ್ಕೆಲ್ಲ ಪರಿಚಿತವಾದ ಕಥೆ ಕೋಬೆ ನಗರದ ದೈಸುಕೆ ಇನೋವೆ ಅವರದು. ಅವರು ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು. ಒಬ್ಬ ಗಿರಾಕಿ ಪ್ರವಾಸಕ್ಕೆ ಕರೆದಾಗ ಹೋಗಲಾಗದೆ, ಆ ಗಿರಾಕಿಯ ದನಿಗೆ ಹೊಂದುವಂತೆ ವಾದ್ಯವನ್ನು ಟೇಪಿನಲ್ಲಿ ತುಂಬಿಸಿಕೊಟ್ಟರು. ಅಲ್ಲಿಂದ ಹೊಳೆದ ಉಪಾಯಕ್ಕೆ 1971ರಲ್ಲಿ 11 ಪೆಟ್ಟಿಗೆಗಳನ್ನು ಮಾಡಿಸಿ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾಡಿಸಲಿಲ್ಲ. ಚೆನ್ನಾಗಿ ಹಾಡಲು ಬಾರದವನಿಗೂ ಹಾಡುವ ಸುಖ ಸಿಗಲಿ ಎಂಬುದು ಕರೋಕೆಯ ಮೂಲದಲ್ಲೇ ಇದೆ. ಹಾಡುಗಾರನ ಗಂಟಲಿಗೆ ತಕ್ಕಂತೆ ಶ್ರುತಿ ಇಳಿಸುವುದನ್ನು ಜಪಾನಿನಲ್ಲಿ ಯಾರೂ ಕೊರತೆಯೆಂದು ನೋಡುವುದಿಲ್ಲ, ಯಂತ್ರದಲ್ಲೇ ಅದಕ್ಕೊಂದು ಗುಂಡಿ ಇರುತ್ತದೆ. ನಮ್ಮ ಪೇಟಿ ಮಾಸ್ತರರೂ ಹಾಡುವವನ ದನಿ ನೋಡಿ ಮನೆ ಬದಲಿಸುವವರೇ. ಮೊಬೈಲಿನಲ್ಲೂ ಶ್ರುತಿ ಬದಲಿಸುವ ಆ್ಯಪುಗಳಿವೆ. ಹಾಡುಗಳಲ್ಲೂ ಆಯ್ಕೆಯುಂಟು: ದ ಬ್ಲೂ ಹಾರ್ಟ್ಸ್ ತಂಡದ 1987ರ ‘ಲಿಂಡಾ ಲಿಂಡಾ’ದಂಥ ಹಾಡಿಗೆ ಗಂಟಲಿನ ಕಸರತ್ತಿಗಿಂತ ಉತ್ಸಾಹವೇ ಹೆಚ್ಚು ಬೇಕು.

ಈವರೆಗಿನದು ಹಾಡಲು ಆಗುತ್ತದೆಯೆ ಎಂಬ ಚರ್ಚೆ. ಬೇಡ ಎನ್ನುವವರ ಮನಸ್ಸಿನಲ್ಲಿರುವ ಆಳದ ನೋವು ಬೇರೆ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಇರುವುದು ಎರಡೋ ಮೂರೋ ಗಂಟೆ. ಅಲ್ಲಿ ಒಂದು ಹಾಡು ಬಂದಿತೆಂದರೆ ಇನ್ನೊಂದು ಹಾಡಿಗೆ ಜಾಗ ಹೋಯಿತು. ಕಡಕೋಳ ಮಡಿವಾಳಪ್ಪನವರಿಂದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರಂಥವರಿಂದ ಬೆಳೆದುಬಂದ ತತ್ವಪದಗಳು ಈ ಜಿಲ್ಲೆಯ ಸಂಪತ್ತು. ಹಿಂದೂ ಮುಸ್ಲಿಮರೆಂಬ ಭೇದವಿಲ್ಲದೆ ಗುರು–ಶಿಷ್ಯರಾಗಿ ಕಟ್ಟಿದ ಪರಂಪರೆ ಅದು. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಹಾಡುವವರ ತಲೆಗಳು ನೆರೆಯುತ್ತಿವೆ. ಚಿಂಚೋಳಿ, ಚಿತ್ತಾಪುರ, ಸೇಡಂನ ತಾಂಡಾಗಳಲ್ಲಿ ಶ್ರಾವಣದ ತೀಜ್ ಹಬ್ಬಕ್ಕೆ ಹೆಣ್ಣುಮಕ್ಕಳು ಹಾಡುವ ಲಂಬಾಣಿ ಹಾಡುಗಳಿಗೆ ಸ್ವಂತ ಲಿಪಿಯೂ ಇಲ್ಲ, ಬಾಯಿಂದ ಬಾಯಿಗೆ ದಾಟಿದರೆ ಮಾತ್ರ ಬದುಕು. ಜಪಾನಿ ಹಾಡಿನ ಟ್ರ್ಯಾಕು ಹುಡುಕಿದರೆ ಹತ್ತು ಸಿಗುತ್ತವೆ, ಇವುಗಳ ಟ್ರ್ಯಾಕು ಸಿಗುವುದು ಕಷ್ಟ. ಯಂತ್ರದಲ್ಲಿ ಇರುವುದನ್ನೇ ಹಾಡುತ್ತ ಹೋದರೆ ಯಂತ್ರಕ್ಕೆ ಹೊರಗಿರುವ ಹಾಡು ಕಿವಿಯಿಂದಲೂ ಹೊರಗಾಗುತ್ತದೆ ಎಂಬ ಅವರ ಆತಂಕವನ್ನು ನಾನು ಹಂಚಿಕೊಳ್ಳುತ್ತೇನೆ.

ಆದರೂ ಈ ಆತಂಕದ ಹೊಣೆಯನ್ನು ಜಪಾನಿ ಹಾಡಿನ ಮೇಲೆ ಹೊರಿಸುವುದು ನ್ಯಾಯವೆ? ತತ್ವಪದದ ಜಾಗ ಕುಗ್ಗಿದ್ದು ಅನಿಮೆ ಬರುವುದಕ್ಕೆ ಬಹಳ ಮುಂಚೆ, ಸಿನಿಮಾ ಹಾಡು ಮತ್ತು ಡಿಜೆ ಸದ್ದಿನ ಕಾಲದಲ್ಲಿ. ಗ್ಯಾದರಿಂಗಿನಲ್ಲಿ ಒಬ್ಬ ಹುಡುಗ ಜಪಾನಿ ಹಾಡು ಬಿಟ್ಟರೆ ಆ ಜಾಗಕ್ಕೆ ಬರುವುದು ತತ್ವಪದವಲ್ಲ, ಬಹುತೇಕ ಆ ವರ್ಷದ ಸಿನಿಮಾ ಹಾಡು. ಏಕತಾರಿಯ ಹಾಡಿಗೆ ಟ್ರ್ಯಾಕು ಇಲ್ಲದಿರುವುದು ಕೊರತೆಯೋ ಭಾಗ್ಯವೋ ಎಂಬುದೂ ಯೋಚಿಸಬೇಕಾದ್ದು. ಹಾಡುವವನ ಉಸಿರಿಗೆ ತಕ್ಕಂತೆ ನಿಂತು, ಒಂದು ನುಡಿಯನ್ನು ಮೂರು ಸಲ ತಿರುಗಿಸಿ ಹಾಡುವ ಪದವನ್ನು ನಿಗದಿತ ನಾಲ್ಕು ನಿಮಿಷದ ಟ್ರ್ಯಾಕಿಗೆ ಕಟ್ಟಿಹಾಕಿದರೆ ಅದು ಬೇರೆಯದೇ ವಸ್ತುವಾಗುತ್ತದೆ. ಹಾಡಲಿ ಎನ್ನುವವರು ಇನ್ನೊಂದನ್ನೂ ಸೇರಿಸುತ್ತಾರೆ: ನಮ್ಮದನ್ನೇ ಹಾಡು ಎಂದು ಒತ್ತಾಯಿಸಿದರೆ ಹುಡುಗ ಮೈಕನ್ನೇ ಬಿಟ್ಟು ಹೋಗುತ್ತಾನೆ. ಹಾಡುವ ಅಭ್ಯಾಸವೇ ತಪ್ಪಿದವನು ಮುಂದೆ ಯಾವ ಭಾಷೆಯಲ್ಲೂ ಹಾಡುವುದಿಲ್ಲ.

ಕುತೂಹಲದ ಸಂಗತಿಯೆಂದರೆ ಇದೇ ಜಗಳ ಜಪಾನಿನಲ್ಲೂ ನಡೆದಿದೆ. 1970ರ ಸುಮಾರಿಗೆ, ರಾಕ್ ಹಾಡನ್ನು ಇಂಗ್ಲಿಷಿನಲ್ಲಿ ಹಾಡಬೇಕೋ ಜಪಾನಿಯಲ್ಲೋ ಎಂದು ಅಲ್ಲಿನ ಸಂಗೀತ ಪತ್ರಿಕೆಗಳಲ್ಲಿ ವಾಗ್ವಾದವಾಯಿತು. ಫ್ಲವರ್ ಟ್ರಾವೆಲಿನ್ ಬ್ಯಾಂಡನ್ನು ಕಟ್ಟಿದ ಯೂಯ ಉಚಿದ ಇಂಗ್ಲಿಷಿನ ಪರ. ಜಪಾನಿ ಮಾತು ರಾಕ್ ತಾಳಕ್ಕೆ ಕೂರುವುದಿಲ್ಲ, ಹೊರಜಗತ್ತನ್ನು ಮುಟ್ಟಲು ಇಂಗ್ಲಿಷೇ ಬೇಕು ಎಂಬುದು ಆ ಕಡೆಯ ವಾದ. ಹ್ಯಾಪಿ ಎಂಡ್ ಎಂಬ ತಂಡ ಜಪಾನಿಯಲ್ಲೇ ಹಾಡಿತು. 1971ರಲ್ಲಿ ಅದು ತಂದ ‘ಕಜ಼ೆಮಾಚಿ ರೋಮನ್’ ಆಲ್ಬಂ ಇಂದು ಜಪಾನಿ ರಾಕ್‌ನ ಆಧಾರಗ್ರಂಥದಂತೆ ಮನ್ನಣೆ ಪಡೆದಿದೆ. ನಮ್ಮ ಬೇಡ ಎನ್ನುವವರಿಗೆ ಇದು ಬಲವಾದ ಸಾಕ್ಷಿ: ನೀವು ಮೆಚ್ಚುವ ಹಾಡು ಹುಟ್ಟಿದ್ದೇ ‘ನಮ್ಮ ಮಾತಿನಲ್ಲಿ ಹಾಡುತ್ತೇವೆ’ ಎಂಬ ಹಟದಿಂದ, ಅವರಿಂದ ಕಲಿಯಬೇಕಾದ್ದು ಆ ಹಟವನ್ನಲ್ಲವೆ? ಹಾಡಲಿ ಎನ್ನುವವರೂ ಅದೇ ಚರಿತ್ರೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಜಪಾನಿನ ಆ ತಲೆಮಾರು ಅಮೆರಿಕ, ಬ್ರಿಟನ್ನಿನ ಹಾಡುಗಳನ್ನು ಕೇಳಿ, ಹಾಡಿ, ಅವುಗಳ ಕಟ್ಟನ್ನು ಅರಗಿಸಿಕೊಂಡ ಮೇಲೆಯೇ ತನ್ನದನ್ನು ಕಟ್ಟಿತು. ಅನುಕರಣೆಯ ಮೆಟ್ಟಿಲು ಹತ್ತದೆ ಯಾರೂ ಮೇಲಂತಸ್ತಿಗೆ ಹೋಗಿಲ್ಲ.

ಇಬ್ಬರ ಮಾತಿಗೂ ನಮ್ಮ ಊರಿನಲ್ಲೇ ಆಧಾರವಿದೆ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರೂಪುಗೊಂಡಿತು. ಅದು ದಂಡಿಯ ಸಂಸ್ಕೃತದ ‘ಕಾವ್ಯಾದರ್ಶ’ವನ್ನು ಬಹಳವಾಗಿ ಅವಲಂಬಿಸಿದ ಕೃತಿ. ಹೊರಗಿನದನ್ನು ತರಲು ಆ ಕವಿ ನಾಚಲಿಲ್ಲ. ತಂದದ್ದನ್ನು ಕನ್ನಡಕ್ಕೆ ಒಗ್ಗಿಸದೆಯೂ ಬಿಡಲಿಲ್ಲ. ನಮ್ಮ ಕಾಲದಲ್ಲಿ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರು, ಡ್ರಮ್ಮಿನೊಂದಿಗೆ ಹಾಡಿ ತೋರಿಸಿದ್ದಾರೆ. ತತ್ವಪದವೂ ರಾಕ್ ತಾಳವೂ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಅದು ಕಿವಿಗೆ ಬೀಳುವ ಪುರಾವೆ.

ಜಪಾನಿ ಹಾಡು ನೌಕರಿಗೂ ನೆರವಾಗುತ್ತದೆ ಎಂಬ ವಾದವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಬಿಡದಿಯ ಟೊಯೋಟದಂಥ ಜಪಾನಿ ಕಂಪನಿಗಳ ಕಾರಣದಿಂದ ಬೆಂಗಳೂರಿನಲ್ಲಿ ಆ ಭಾಷೆ ಕಲಿಯುವವರಿದ್ದಾರೆ, ಹಾಡು ಉಚ್ಚಾರವನ್ನು ತಿದ್ದುತ್ತದೆ ಎಂಬುದು ನಿಜ. ಆದರೆ ರಾಕ್ ಹಾಡಿನ ನಾನು–ನೀನುಗಳು ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ಬಳಸುವಂಥವಲ್ಲ. ಜಪಾನಿಗೆ ದುಡಿಯಲು ಹೋದ ಕನ್ನಡಿಗ ಅಲ್ಲಿನ ಸಹೋದ್ಯೋಗಿಗಳ ಜೊತೆ ಕರೋಕೆ ಕೋಣೆಗೆ ಹೋದಾಗ ಅವರದೊಂದು ಹಾಡು ಹಾಡಿದರೆ ಅದರ ಮಾತೇ ಬೇರೆ. ಅಲ್ಲಿ ಕೇಳುವವರಿಗೆ ಅರ್ಥ ತಿಳಿದಿರುತ್ತದೆ.

ನೊಬುಹಿರೊ ಯಮಶಿತ ನಿರ್ದೇಶಿಸಿದ ‘ಲಿಂಡಾ ಲಿಂಡಾ ಲಿಂಡಾ’ ಎಂಬ 2005ರ ಸಿನಿಮಾ ಈ ವಿಷಯಕ್ಕೆ ಹತ್ತಿರದ್ದು. ಶಾಲೆಯ ಉತ್ಸವಕ್ಕೆ ಕೆಲವೇ ದಿನ ಇರುವಾಗ ಹುಡುಗಿಯರ ಬ್ಯಾಂಡೊಂದಕ್ಕೆ ಹಾಡುವವರಿಲ್ಲದೆ ಹೋಗುತ್ತದೆ. ಕೊರಿಯದಿಂದ ಓದಲು ಬಂದ, ಜಪಾನಿ ಮಾತು ಅರೆಬರೆ ಬಲ್ಲ ಹುಡುಗಿಯನ್ನು ಅವರು ಸೇರಿಸಿಕೊಳ್ಳುತ್ತಾರೆ. ಅವಳು ದ ಬ್ಲೂ ಹಾರ್ಟ್ಸ್ ಹಾಡುಗಳನ್ನು ಕಲಿಯಲು ಒಬ್ಬಳೇ ಕರೋಕೆ ಕೋಣೆಗೆ ಹೋಗುತ್ತಾಳೆ. ಆ ಸಿನಿಮಾವನ್ನು ನಾನು ಹಾಡಲಿ ಎನ್ನುವವರ ಪರವಾದ ಸಾಕ್ಷಿಯೆಂದು ನೋಡುತ್ತೇನಾದರೂ, ಅದರಲ್ಲಿ ಇನ್ನೊಂದು ಕಡೆಯವರಿಗೂ ಪಾಲಿದೆ. ಆ ಹುಡುಗಿ ಪರಭಾಷೆಯ ಹಾಡನ್ನು ಅದನ್ನು ಬಲ್ಲ ಜನರ ನಡುವೆ ಹಾಡಿದಳು, ಹಾಡುವ ಮುಂಚೆ ಒಬ್ಬಳೇ ಕೂತು ಕಲಿತಳು.

ಎರಡನ್ನೂ ತೂಗಿ ನೋಡಿದಾಗ ನನ್ನ ಮನಸ್ಸು, ಅಳುಕಿನಿಂದಲೇ, ಒಂದು ನಡುದಾರಿಯ ಕಡೆ ವಾಲುತ್ತದೆ. ಮನೆಯಲ್ಲಿ ಒಬ್ಬರೇ ಹಾಡುವಾಗ, ಅನಿಮೆ ಬಲ್ಲ ಗೆಳೆಯರ ನಡುವೆ ಹಾಡುವಾಗ ಯಾವ ಕಟ್ಟುಪಾಡೂ ಬೇಡ. ಎಕ್ಸ್ ಜಪಾನಿನ ಎತ್ತರವನ್ನು ಪ್ರಯತ್ನಿಸಿ ಸೋತರೂ ಯಾರಿಗೂ ನಷ್ಟವಿಲ್ಲ. ಎಲ್ಲ ವಯಸ್ಸಿನವರು ಕೂತ ಗ್ಯಾದರಿಂಗು, ಗಣಪತಿಯ ಮಂಟಪ, ಮದುವೆಮನೆಯಲ್ಲಿ ಕೇಳುವವರಿಗೂ ಒಂದು ಹಕ್ಕಿದೆ ಎಂದು ಒಪ್ಪುವುದು ಒಳ್ಳೆಯದು. ಅಲ್ಲಿ ಜಪಾನಿ ಹಾಡನ್ನು ನಿಷೇಧಿಸುವುದನ್ನು ನಾನು ಒಪ್ಪಲಾರೆ, ಕಾರ್ಯಕ್ರಮ ನಡೆಸುವವರು ಅದಕ್ಕೊಂದು ಜಾಗ ಕೊಡಲಿ. ಹಾಡುವವನು ಮುಂಚಿತವಾಗಿ ಪೂರ್ತಿ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದು ಕಲಿಯಲಿ. ಅದಾಗದಿದ್ದರೆ ಟ್ರ್ಯಾಕನ್ನು ಆ 90 ಸೆಕೆಂಡಿಗೇ ಕತ್ತರಿಸಿಕೊಂಡು, ತನಗೆ ಬರುವಷ್ಟನ್ನೇ ಶುದ್ಧವಾಗಿ ಹಾಡಿ ಇಳಿಯಲಿ. ತನ್ನ ದನಿಗೆ ತಕ್ಕ ಶ್ರುತಿಗೆ ಇಳಿಸಿಕೊಳ್ಳಲಿ. ಶುರುಮಾಡುವ ಮುಂಚೆ ಎರಡು ಮಾತಿನಲ್ಲಿ, ನಮ್ಮ ಕಡೆಯ ಕನ್ನಡದಲ್ಲೇ, ಹಾಡಿನೊಳಗೆ ಏನಿದೆ ಎಂದು ಸಭೆಗೆ ಹೇಳಲಿ. ಅರ್ಥವನ್ನು ಹೇಳಲು ಹೊರಟಾಗ ಅದನ್ನು ಮೊದಲು ತಾನೇ ಹುಡುಕಿ ತಿಳಿಯಬೇಕಾಗುತ್ತದೆ. ಯಾರಿಗೂ ತಿಳಿಯದ ಹಾಡು ಎಂಬ ಆಕ್ಷೇಪ ಇದರಿಂದ ಪೂರ್ತಿ ಹೋಗದಿದ್ದರೂ ಅದರ ಅರ್ಧ ಭಾರ ಇಳಿಯುತ್ತದೆ.

ಇನ್ನು ತತ್ವಪದ, ತೀಜ್ ಹಾಡುಗಳ ವಿಷಯದಲ್ಲಿ ಹಿರಿಯರಿಂದಲೂ ಒಂದು ಹೆಜ್ಜೆ ಬೇಕು. ಟ್ರ್ಯಾಕು ಇಲ್ಲ ಎಂದು ಆ ಹಾಡುಗಳನ್ನು ವೇದಿಕೆಯಿಂದ ದೂರ ಇಡುವ ಬದಲು, ಕಾರ್ಯಕ್ರಮದಲ್ಲಿ ಟ್ರ್ಯಾಕಿಲ್ಲದೆ ಹಾಡುವವರಿಗೆ ಒಂದರ್ಧ ಗಂಟೆಯನ್ನು ಬೇರೆಯಾಗಿಯೇ ಇಡಬಹುದು. ಏಕತಾರಿ, ದಮ್ಮಡಿಯವರು ಬರಲಿ, ತಾಂಡಾದ ಹೆಣ್ಣುಮಕ್ಕಳು ಬರಲಿ. ಜಪಾನಿ ಹಾಡು ಹಾಡಿದ ಹುಡುಗನಿಗೆ ಗಿಟಾರು ಬರುತ್ತಿದ್ದರೆ ಅವನನ್ನೂ ಅಲ್ಲೇ ಪಕ್ಕದಲ್ಲಿ ಕೂರಿಸಿ, ಪದ ಹಾಡುವವರ ಶ್ರುತಿ ಹಿಡಿಯಲು ಹೇಳಬಹುದು.